ಬೆನ್ನ ಹಿಂದಿನ ಸದ್ದು

ಕಂಪ್ಲಿ ಸೀಮೆಯಲ್ಲಿ ಹೋರಿಗೆ ಬಂಡಿ ಕಲಿಸುವ ರೈತರು ಮೊದಲ ದಿನವೇ ಬಂಡಿ ಹೂಡುವುದಿಲ್ಲ. ಪಳಗಿದ ಎತ್ತಿನ ಜೋಡಿ ಮಾಡಿ, ಬರಿ ನೊಗ ಇಟ್ಟು ಅಡ್ಡಾಡಿಸುತ್ತಾರೆ. ಅದು ರೂಢಿಯಾದ ಮೇಲೆ ನೊಗಕ್ಕೊಂದು ಮರದ ದಿಮ್ಮಿ ಕಟ್ಟಿ ಹೊಲದ ಮೆತ್ತನೆ ಮಣ್ಣಿನಲ್ಲಿ ಎಳೆಸುತ್ತಾರೆ. ಖಾಲಿ ಬಂಡಿ ಬರುವುದು ಆಮೇಲೆ. ಹೇರು ಬರುವುದು ಇನ್ನೂ ಆಮೇಲೆ. ಹೋರಿಗೆ ಕಸುವು ಸಾಲದೆಂದು ಹೀಗೆ ಮಾಡುವುದಲ್ಲ, ಮೈದುಂಬಿದ ಹೋರಿ ಖಾಲಿ ಬಂಡಿಯನ್ನು ಲೆಕ್ಕಕ್ಕೇ ಇಡದು. ಅದು ಹೆದರುವುದು ಬೆನ್ನ ಹಿಂದೆ ಗಡಗಡ ಸದ್ದು ಮಾಡುತ್ತ, ತಾನು ಓಡಿದಷ್ಟೂ ಬೆನ್ನಟ್ಟಿ ಬರುವ ಆ ವಸ್ತುವಿಗೆ. ಮೇಯುವ ಪ್ರಾಣಿಗೆ ಹಿಂದಿನಿಂದ ಬರುವುದೆಲ್ಲ ತೋಳವೇ. ಆ ಭಯ ಇಳಿಯುವ ಮುನ್ನ ಹೂಡಿದರೆ ಹೋರಿ ಕಿತ್ತುಕೊಂಡು ಓಡುತ್ತದೆ, ಮೂಕಿ ಮುರಿಯುತ್ತದೆ. ಮೂಕಿಯನ್ನಾದರೂ ಬಡಿಗೇರ ಸರಿಮಾಡಿ ಕೊಡುತ್ತಾನೆ, ಒಮ್ಮೆ ಬೆದರಿದ ಹೋರಿಯ ನಂಬಿಕೆ ಅಷ್ಟು ಸುಲಭಕ್ಕೆ ಮರಳುವುದಿಲ್ಲ.

ನಾಯಿಗೆ ಗಾಡಿ ಎಳೆಯಲು ಕಲಿಸುವವರ ಕ್ರಮವೂ ಇದೇ ಎನ್ನುವುದು ನನಗೆ ಬಹಳ ಖುಷಿ ಕೊಟ್ಟ ಸಂಗತಿ. ಸ್ವಿಟ್ಜರ್ಲೆಂಡಿನ ಬರ್ನ್ ಸೀಮೆಯ ರೈತರು ದೊಡ್ಡ ಮೈಯ ನಾಯಿಗಳಿಂದ ಹಾಲಿನ ಗಾಡಿ ಎಳೆಸುತ್ತಿದ್ದರು. ಬೆಲ್ಜಿಯಂನಲ್ಲೂ ಅದೇ ರೂಢಿ ಇತ್ತು. 1914ರ ಯುದ್ಧದಲ್ಲಿ ಅಲ್ಲಿನ ಸೈನ್ಯ ಮಷಿನ್ ಗನ್ನುಗಳನ್ನು ನಾಯಿಗಳಿಂದಲೇ ಎಳೆಸಿತು. ಕಲಿಸುವವರು ಮೊದಲು ಬರಿ ಎದೆಪಟ್ಟಿ ತೊಡಿಸಿ ತಿರುಗಾಡಿಸುತ್ತಾರೆ. ಕೊರಳಪಟ್ಟಿಗೆ ಭಾರ ಕಟ್ಟಿದರೆ ಉಸಿರು ಕಟ್ಟುತ್ತದೆ, ಎಳೆತ ಎದೆ ಮತ್ತು ಭುಜದ ಮೇಲೆ ಬೀಳಬೇಕು. ಆಮೇಲೆ ಹಗ್ಗಕ್ಕೊಂದು ಹಗುರ ಹಲಗೆ ಕಟ್ಟಿ, ಅದು ನೆಲಕ್ಕೆ ಉಜ್ಜುವ ಸದ್ದು ಕಿವಿಗೆ ರೂಢಿಯಾಗಲು ಬಿಡುತ್ತಾರೆ. ಆ ಹೊತ್ತಿಗೆ ಯಜಮಾನ ಮುಂದೆ ನಡೆಯುತ್ತ ಮಾತಾಡಿಸುತ್ತಿರಬೇಕು. ಖಾಲಿ ಗಾಡಿ ಹೂಡುವುದು ಕೊನೆಗೆ. ತಿರುವಿನಲ್ಲಿ ಗಾಡಿಯ ಕೋಲು ಪಕ್ಕೆಗೆ ತಾಗಿದಾಗ ನಾಯಿ ಬೆಚ್ಚದಿದ್ದರೆ ಅರ್ಧ ಪಾಠ ಮುಗಿದಂತೆ.

ಎಲುಬಿನ ವಿಷಯದಲ್ಲೂ ಅವಸರ ಕೂಡದು. ದೊಡ್ಡ ತಳಿಯ ನಾಯಿಗಳ ಎಲುಬು ಬಲಿಯಲು ಒಂದೂವರೆಯಿಂದ ಎರಡು ವರ್ಷ ಬೇಕು. ಅದಕ್ಕೆ ಮುಂಚೆ ಭಾರ ಹಾಕಿದರೆ ಕೀಲುಗಳು ಕೆಡುತ್ತವೆ, ನೋವು ಬದುಕಿಡೀ ಇರುತ್ತದೆ. ಬೆನ್ನಿನ ಚೀಲವಾದರೂ ಮೈತೂಕದ ಹತ್ತನೇ ಒಂದು ಪಾಲಿಗಿಂತ ಹೆಚ್ಚಿನಿಂದ ಶುರು ಮಾಡಬಾರದು. 30 ಕಿಲೋದ ನಾಯಿಗೆ 3 ಕಿಲೋ, ಅದೂ ಎರಡು ಮಗ್ಗುಲಿಗೆ ಸಮ ಹಂಚಿ.

ಈ ಎಚ್ಚರ ಎಲ್ಲ ಕಡೆ ಇರಲಿಲ್ಲ. ಇಂಗ್ಲೆಂಡಿನಲ್ಲಿ ಬಡ ವ್ಯಾಪಾರಿಗಳ ನಾಯಿಗಾಡಿಗಳನ್ನು ಲಂಡನ್ನಿನಲ್ಲಿ 1839ರ, ದೇಶದ ಉಳಿದ ಕಡೆ 1854ರ ಕಾಯಿದೆಯಿಂದ ನಿಲ್ಲಿಸಬೇಕಾಯಿತು.

ನಮ್ಮ ಸೀಮೆಯಲ್ಲಿ ನಾಯಿಯ ಮೇಲೆ ಹೇರು ಹೊರಿಸುವ ರೂಢಿ ಬೆಳೆಯಲೇ ಇಲ್ಲ. ಹೊರಲು ಬೇರೆ ಪ್ರಾಣಿಗಳಿದ್ದವು. ವಿಜಯನಗರದ ಪೇಟೆಗಳಿಗೆ ಕರಾವಳಿಯ ಸರಕು ಘಟ್ಟ ಹತ್ತಿ ಬಂದದ್ದು ಹೇರೆತ್ತಿನ ಬೆನ್ನ ಮೇಲೆ. ಕೃಷ್ಣದೇವರಾಯನ ಕಾಲಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಹೇರೆತ್ತುಗಳ ಸಾಲುಗಳನ್ನು ಬಣ್ಣಿಸಿದ್ದಾನೆ. ಈಗ ಸಂಡೂರಿನ ತಾಂಡಾಗಳಲ್ಲಿ ನೆಲೆ ನಿಂತ ಲಂಬಾಣಿಗಳ ಹಿರೀಕರು ಉಪ್ಪು, ಕಾಳು ಹೇರಿಕೊಂಡು ದೇಶ ತಿರುಗಿದ್ದು ಎತ್ತುಗಳ ಜತೆಯಲ್ಲೇ. ಕುರಿಗಾರರನ್ನು ನೋಡಿ: ಹಿಂಡು ಊರು ಬದಲಿಸುವಾಗ ಪಾತ್ರೆ, ಕಂಬಳಿ, ನಡೆಯಲಾರದ ಎಳೆಮರಿ ಎಲ್ಲ ಕತ್ತೆಯ ಇಲ್ಲವೇ ತಟ್ಟುವಿನ ಮೇಲೆ. ನಾಯಿ ಬರಿ ಮೈಯಲ್ಲಿ ನಡೆಯುತ್ತದೆ. ರಾತ್ರಿಯೆಲ್ಲ ತೋಳ, ಚಿರತೆ ಬಾರದಂತೆ ಕಾಯುವ ಜೀವಕ್ಕೆ ಹಗಲು ಹೇರು ಹೊರಿಸಿದರೆ ಹಿಂಡು ಉಳಿಯುವುದಿಲ್ಲವೆಂದು ಕುರಿಗಾರನಿಗೆ ಗೊತ್ತು. ಮೈಲಾರದ ಜಾತ್ರೆಯಲ್ಲಿ ದೇವರ ಭಕ್ತರಾದ ಗೊರವರು ಅವನ ನಾಯಿಗಳಾಗಿ ಬೊಗಳುವ ಸೀಮೆ ಇದು. ಇಲ್ಲಿ ನಾಯಿಗೆ ಸಿಕ್ಕಿದ ಪಾಲು ಕಾವಲು.

ಪ್ರಾಣಿಹಿಂಸೆ ತಡೆಯುವ 1965ರ ಕೇಂದ್ರ ನಿಯಮಗಳು ಹೇರು ಹೊರುವ ಪ್ರಾಣಿಗಳಿಗೆ ಮಿತಿ ಹಾಕಿವೆ. ಕತ್ತೆಗೆ 50 ಕಿಲೋ, ತಟ್ಟುವಿಗೆ 70, ಸಣ್ಣ ಎತ್ತಿಗೆ 100, ದೊಡ್ಡದಕ್ಕೆ 175. ಆ ಪಟ್ಟಿಯಲ್ಲಿ ನಾಯಿ ಇಲ್ಲ. ದಿನಕ್ಕೆ ಒಟ್ಟು ಒಂಬತ್ತು ತಾಸಿಗಿಂತ ಹೆಚ್ಚು ದುಡಿಸಬಾರದು, ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಲೇಬಾರದು ಎಂದೂ ಅದೇ ನಿಯಮ ಹೇಳುತ್ತದೆ. ಹೊಸಪೇಟೆಯಲ್ಲಿ ಏಪ್ರಿಲ್, ಮೇ ತಿಂಗಳ ಬಿಸಿಲು 40 ಮುಟ್ಟುತ್ತದೆ. ಎತ್ತು ಮೈತುಂಬ ಬೆವರುತ್ತದೆ. ನಾಯಿ ಬೆವರುವುದು ಅಂಗಾಲಲ್ಲಿ ಮಾತ್ರ. ಮೈಯ ಕಾವಿನ ಬಹುಪಾಲು ಏದುಸಿರಿನ ಮೂಲಕ ಬಾಯಿಂದ ಹೊರಹೋಗಬೇಕು. ಬರ್ನಿನ ತಂಪಿನಲ್ಲಿ ಹುಟ್ಟಿದ ಕೆಲಸ ಇಲ್ಲಿ ಹಾಗೇ ನಡೆಯದು.

ಈಗ ನಮ್ಮ ಊರುಗಳಲ್ಲೂ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ರಾಟ್‌ವೈಲರ್ ಸಾಕುವವರು ಹೆಚ್ಚಾಗಿದ್ದಾರೆ. ದುಡಿಮೆಗೆಂದೇ ಬೆಳೆಸಿದ ತಳಿಗಳಿವು. ಗೇಟಿನ ಹಿಂದೆ ಕಟ್ಟಿಹಾಕಿದ ನಾಯಿ ದಿನವಿಡೀ ಬೊಗಳುವುದು, ಚಪ್ಪಲಿ ಕಚ್ಚಿ ಹರಿಯುವುದು ಬಹುಪಾಲು ಕೆಲಸವಿಲ್ಲದ ಬೇಸರಕ್ಕೆ. ಅಂಥವಕ್ಕೆ ಬೆನ್ನಿಗೊಂದು ಹಗುರ ಚೀಲ ತೊಡಿಸಿ ನಡೆಸುವುದು, ಗಾಲಿಯ ಸಣ್ಣ ಗಾಡಿ ಎಳೆಯಲು ಕಲಿಸುವುದು ಒಳ್ಳೆಯದೇ, ಹೋರಿಗೆ ತೋರುವ ತಾಳ್ಮೆಯನ್ನೇ ತೋರಿದರೆ. ಮುಧೋಳ ನಾಯಿಗೆ ಮಾತ್ರ ಬೇಡ. ಸಪೂರ ಸೊಂಟ, ಉದ್ದ ಕಾಲು, ಆಳ ಎದೆಯ ಆ ಮೈ ಓಟಕ್ಕೆಂದು ಬೆಳೆದು ಬಂದದ್ದು. ಅದಕ್ಕೆ ಬಯಲು ಕೊಡಿ.

ಎದೆಪಟ್ಟಿ ಕೊಳ್ಳುವ ಮುನ್ನ ಪಶುವೈದ್ಯರಲ್ಲಿ ಸೊಂಟದ ಮತ್ತು ಮುಂಗಾಲಿನ ಕೀಲು ತೋರಿಸಿ. ದೀಪಾವಳಿ ಕಳೆದ ಮೇಲೆ ಶುರು ಮಾಡಿದರೆ ಕಲಿಸಲು ಶಿವರಾತ್ರಿವರೆಗೆ ತಂಪಿನ ಮುಂಜಾವುಗಳು ಸಿಗುತ್ತವೆ. ಡಾಂಬರು ರಸ್ತೆ ಬಿಟ್ಟು ಕಾಲುವೆ ದಂಡೆಯ ಮಣ್ಣದಾರಿ ಹಿಡಿಯಿರಿ, ನೀರು ಜತೆಗಿರಲಿ. ಶಿವರಾತ್ರಿಯ ಆಚೆಗೆ ಪಟ್ಟಿಯನ್ನು ಗೂಟಕ್ಕೆ ತೂಗಿಹಾಕಿ, ಮುಂದಿನ ಚಳಿಗಾಲಕ್ಕೆ ಮತ್ತೆ ಬರಿ ಪಟ್ಟಿಯಿಂದಲೇ ಶುರು ಮಾಡಿ.