ದೇವರು ಕೊಟ್ಟರೂ ಪೂಜಾರಿ ಕೊಡ

‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆ ಈಗ ಹೆಚ್ಚಾಗಿ ಕೇಳಿಬರುವುದು ಸರ್ಕಾರಿ ಕಚೇರಿಗಳ ಜಗುಲಿಯಲ್ಲಿ. ಸಾಹೇಬರ ಸಹಿಯಾಗಿದೆ, ಗುಮಾಸ್ತ ಕಾಗದ ಬಿಡುತ್ತಿಲ್ಲ. ಆದರೆ ಗಾದೆ ಹುಟ್ಟಿದ್ದು ಗುಡಿಯಲ್ಲಿ. ಅಲ್ಲೇ ಇಟ್ಟು ನೋಡಿದರೆ ಅದರ ಮೊನೆ ಇನ್ನೂ ಹರಿತ.

ದೇವನಹಳ್ಳಿಯಿಂದ ಹೋಗಿ ಬೆಂಗಳೂರಿನ ಕ್ಲೀವ್‌ಲ್ಯಾಂಡ್ ಟೌನಿನ ಸಂತ ಫ್ರಾನ್ಸಿಸ್ ಕ್ಸೇವಿಯರ್ ಪ್ರಧಾನಾಲಯದಲ್ಲಿ ಕುಳಿತಿದ್ದಾಗ ಈ ಗಾದೆ ನೆನಪಾಯಿತು. 1911ರಲ್ಲಿ ಶುರುವಾಗಿ 1932ರಲ್ಲಿ ಮುಗಿದ ಕಲ್ಲುಕಟ್ಟಡ. ಆಗೆಲ್ಲ ಪೂಜೆ ಲ್ಯಾಟಿನ್‌ನಲ್ಲಿ, ಗುರುಗಳ ಬೆನ್ನು ಜನರ ಕಡೆಗೆ. 1962–65ರ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಗುರುಗಳು ಇತ್ತ ತಿರುಗಿದರು, ಪೂಜೆ ಜನರ ಮಾತಿಗೆ ಬಂತು. (ಆ ಮಾತು ಕನ್ನಡವೋ ತಮಿಳೋ ಎಂದು ಬೆಂಗಳೂರಿನಲ್ಲಿ ನಡೆದ ಜಗಳ ಬೇರೆಯದೇ ಪುರಾಣ.) ಬಾಗಿಲು ಎಲ್ಲರಿಗೂ ತೆರೆದಿದೆ. ಪರಮಪ್ರಸಾದದ ಸಾಲು ಮಾತ್ರ ಕಥೋಲಿಕರದು, ಉಳಿದವರು ಬೆಂಚಿನಲ್ಲೇ.

ಹಾಗೆಂದು ಗಾದೆಯ ಪೂಜಾರಿ ಗುರುಗಳೇ ಎಂದುಬಿಡುವಂತಿಲ್ಲ. ಮಾರ್ಕನ ಶುಭಸಂದೇಶದಲ್ಲಿ, ಜೆರಿಕೊ ದಾರಿಯ ಕುರುಡ ಬಾರ್ತಿಮಾಯ ಯೇಸುವನ್ನು ಕೂಗಿದಾಗ ಅವನ ಬಾಯಿ ಮುಚ್ಚಿಸಲು ಹೋದವರು ಜೊತೆಗಿದ್ದ ಜನ. ಮಕ್ಕಳನ್ನು ಕರೆತಂದವರನ್ನು ಗದರಿದವರು ಶಿಷ್ಯರು.

ಇನ್ನೊಂದು ಪ್ರಸಂಗವಂತೂ ಗಾದೆಯನ್ನೇ ಬುಡಮೇಲು ಮಾಡುತ್ತದೆ. ತೂರ್ ಸೀಮೆಯ ಅನ್ಯಜನಾಂಗದ ಹೆಂಗಸೊಬ್ಬಳು ಮಗಳನ್ನು ಗುಣಪಡಿಸಿ ಎಂದು ಕಾಲಿಗೆ ಬೀಳುತ್ತಾಳೆ. ಈ ಸಲ ತಡೆಯುವವರು ಸ್ವತಃ ಯೇಸು: ಮಕ್ಕಳ ರೊಟ್ಟಿಯನ್ನು ನಾಯಿಗೆ ಹಾಕುವುದು ತರವಲ್ಲ ಎನ್ನುತ್ತಾರೆ. ಆಕೆ ಜಗ್ಗುವುದಿಲ್ಲ. ಮಕ್ಕಳ ಕೈಯಿಂದ ಉದುರಿದ ಚೂರುಪಾರನ್ನು ನಾಯಿಯೂ ತಿನ್ನುತ್ತದಲ್ಲ ಸ್ವಾಮಿ ಎಂದು ಮರುಮಾತಾಡುತ್ತಾಳೆ. ಯೇಸು ಆ ಮಾತಿಗೆ ಸೋಲುತ್ತಾರೆ; ಮಗಳು ಗುಣವಾಗುತ್ತಾಳೆ. ಇದೆಲ್ಲ ಆಕೆಯ ನಂಬಿಕೆಗೆ ಒಡ್ಡಿದ ಪರೀಕ್ಷೆ ಎಂದು ಸಮಜಾಯಿಷಿ ಕೊಡುವ ವ್ಯಾಖ್ಯಾನಗಳುಂಟು. ನನಗೆ ಒಪ್ಪಿಗೆಯಿಲ್ಲ. ಆಕೆ ವಾದಿಸಿ ಗೆದ್ದಳು ಎಂದು ಓದಿದರೇನೇ ಇಬ್ಬರ ದೊಡ್ಡತನವೂ ಕಾಣುವುದು: ಕೇಳಿದವಳದು, ಕೇಳಿಸಿಕೊಂಡು ಮನಸ್ಸು ಬದಲಿಸಿದವರದು.

ಒಳಗೆ ಸೇರಿಸಿಕೊಂಡ ಮೇಲೂ ಪಂಕ್ತಿಭೇದ ಉಳಿಯಬಹುದು. ದಲಿತರೊಬ್ಬರು, ಹೈದರಾಬಾದಿನ ಆರ್ಚ್‌ಬಿಷಪ್ ಆಂಥೋನಿ ಪೂಲಾ, ಕಾರ್ಡಿನಲ್ ಆಗಲು 2022 ಬರಬೇಕಾಯಿತು. ಪ್ರೊಟೆಸ್ಟಂಟರ ಸಿ.ಎಸ್.ಐ. ಸಭೆ 2013ರಲ್ಲೇ ಪುಷ್ಪಲಲಿತಾ ಅವರನ್ನು ಬಿಷಪ್ ಮಾಡಿತು; ಕಥೋಲಿಕರಲ್ಲಿ ಹೆಣ್ಣು ಇಂದಿಗೂ ಗುರುವಾಗುವಂತಿಲ್ಲ.

ಧರ್ಮಸಭೆ ಸುಂಕದ ಕಟ್ಟೆಯಲ್ಲ ಎಂಬರ್ಥದಲ್ಲಿ ಪೋಪ್ ಫ್ರಾನ್ಸಿಸ್ ಅದೇ 2013ರಲ್ಲಿ ಬರೆದರು. ಬೆಂಗಳೂರು ದಾರಿಯ ಸಾದಹಳ್ಳಿ ಟೋಲ್ ದಾಟಿ ಪೂಜೆಗೆ ಹೋಗುವ ನಮ್ಮ ಕಡೆಯವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಫ್ರಾನ್ಸಿಸರ ಕಾಲದಲ್ಲೇ, 2023ರ ಡಿಸೆಂಬರಿನಲ್ಲಿ, ಸಲಿಂಗ ಜೋಡಿಗಳಿಗೆ ಪೂಜಾವಿಧಿಯ ಹೊರಗೆ ಸರಳ ಆಶೀರ್ವಾದ ಕೊಡಬಹುದು ಎಂದು ವ್ಯಾಟಿಕನ್ ಹೇಳಿತು. ತಿಂಗಳೊಳಗೆ ಆಫ್ರಿಕಾದ ಬಿಷಪರು ನಮ್ಮಲ್ಲಿ ಆಗದು ಎಂದರು. ದೊಡ್ಡ ಪೂಜಾರಿ ಕೊಟ್ಟರೂ ಚಿಕ್ಕ ಪೂಜಾರಿ ಕೊಡದಿರುವ ಈ ಸಂಗತಿ ಗಾದೆ ಕಟ್ಟಿದವರ ಲೆಕ್ಕಕ್ಕೆ ಬಂದಿರಲಿಲ್ಲ.