ದಯೆಯೂ ಒಡೆತನವೂ

ಜೀವವನ್ನು ಮೆಚ್ಚುವುದು ಒಂದು, ಜೀವಕ್ಕೆ ದಯೆ ತೋರುವುದು ಇನ್ನೊಂದು. ಲೋಕವು ಇವೆರಡನ್ನೂ ಒಂದೆಂದೇ ಭಾವಿಸಿ ನಡೆಯುತ್ತದೆ. ಮೆಚ್ಚುಗೆಗೆ ಮೆಚ್ಚುವವನ ಸಂತೋಷವೇ ಸಾಕು. ದಯೆಗಾದರೋ ಎದುರಿಗಿರುವ ಜೀವದ ಅಗತ್ಯವೇ ಅಳತೆಗೋಲು. ಹನ್ನೆರಡನೆಯ ಶತಮಾನದ ಶರಣರು ಧರ್ಮಕ್ಕೆ ಬುಡವೆಂದು ಎತ್ತಿಹಿಡಿದುದು ಈ ಎರಡನೆಯದನ್ನು. ಅದನ್ನು ಮನುಷ್ಯರಿಗಷ್ಟೇ ಮಿತಗೊಳಿಸದೆ ಸಕಲ ಪ್ರಾಣಿಗಳಿಗೂ ವಿಸ್ತರಿಸಿದರು. ಈ ಭೇದದ ಪರೀಕ್ಷೆ ನಡೆಯುವ ಸ್ಥಳ ಗೃಹಸ್ಥನ ನಡುಮನೆ. ಇತ್ತೀಚಿನ ವರ್ಷಗಳಲ್ಲಿ ಆ ಪರೀಕ್ಷೆಯು ದೊಡ್ಡದೊಂದು ಗಾಜಿನ ತೊಟ್ಟಿಯ ರೂಪವನ್ನೂ ತಾಳಿದೆ.

ಬಣ್ಣದ ಸಣ್ಣ ಮೀನುಗಳನ್ನು ಗಾಜಿನ ಪಾತ್ರೆಯಲ್ಲಿಡುವ ರೂಢಿ ಹಳೆಯದು. ಈಗ ಅಷ್ಟರಿಂದಲೇ ತೃಪ್ತಿಯಿಲ್ಲ. ದಕ್ಷಿಣ ಅಮೆರಿಕದ ಅರೋವಾನ, ಕೆಂಪುಬಾಲದ ಬೆಕ್ಕುಮೀನು, ಉತ್ತರ ಅಮೆರಿಕದ ಮೊಸಳೆಮೂತಿಯ ಗಾರ್ ಮೀನು, ಇವುಗಳ ಜೊತೆಗೆ ಸಿಹಿನೀರಿನ ತೊರಕೆ ಮೀನು: ಇವೆಲ್ಲ ಅಂಗೈಯಗಲದ ಮರಿಗಳಾಗಿ ಅಂಗಡಿಗೆ ಬಂದು ಮನೆಗಳನ್ನು ಸೇರುತ್ತವೆ. ಕೆಲವನ್ನು ಅಂದಕ್ಕಾಗಿ ಕೊಳ್ಳುತ್ತಾರೆ, ಕೆಲವನ್ನು ಅಪರೂಪವೆಂಬ ಹೆಮ್ಮೆಗಾಗಿ. ಅರೋವಾನವನ್ನಂತೂ ಮನೆಗೆ ಸಂಪತ್ತು ತರುವ ಮೀನೆಂದು ನಂಬಿ ಕೊಳ್ಳುವವರುಂಟು. ಶಕುನವನ್ನೂ ಮುಹೂರ್ತವನ್ನೂ ಕೈಬಿಡಿರೆಂದು ಬೋಧಿಸಿದ ಪರಂಪರೆಯ ಭಕ್ತನಿಗೆ ಇಂಥ ನಂಬಿಕೆ ಎಷ್ಟರಮಟ್ಟಿಗೆ ಒಪ್ಪುವುದೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಚಾಮರಾಜನಗರ ತಾಲ್ಲೂಕಿನ ಚಂದಕವಾಡಿಯಂಥ ಊರಿನಲ್ಲಿ ಒಬ್ಬ ಅನುಕೂಲಸ್ಥ ಗೃಹಸ್ಥನು ಇಂಥ ತೊಟ್ಟಿಯೊಂದನ್ನು ಮನೆಯಲ್ಲಿಡಲು ಬಯಸಿದನೆಂದು ಭಾವಿಸೋಣ. ಹಣವು ಅವನ ದುಡಿಮೆಯದು, ಯಾರಿಂದಲೂ ಕಸಿದುದಲ್ಲ. ಮಕ್ಕಳಿಗೆ ಸಂತೋಷ, ಬಂದವರಿಗೆ ಬೆರಗು. ಇದರಲ್ಲಿ ದೋಷವೇನೆಂದು ಅವನು ಕೇಳಿದರೆ ಆ ಪ್ರಶ್ನೆಗೆ ಸಿಟ್ಟಿನಿಂದ ಉತ್ತರಿಸುವುದು ತರವಲ್ಲ. ತಂದ ಜೀವ ಎಂಥದು, ಅದಕ್ಕೆ ಏನು ಬೇಕು, ಅದನ್ನು ಕೊಡುವ ಶಕ್ತಿ ಈ ಮನೆಗೆ ಉಂಟೇ ಎಂದು ಸಮಾಧಾನದಿಂದ ವಿಚಾರಿಸಬೇಕು.

ತೊರಕೆ ಎಂಬುದು ಕರಾವಳಿಯವರು ಬಲ್ಲ ಹೆಸರು. ತಟ್ಟೆಯಂತೆ ಚಪ್ಪಟೆಯಾದ ಮೈ, ಚಾವಟಿಯಂಥ ಬಾಲ, ಬಾಲದಲ್ಲಿ ವಿಷದ ಮುಳ್ಳು. ಸಮುದ್ರದಲ್ಲಿ ಇದರ ಬಳಗ ದೊಡ್ಡದು. ದಕ್ಷಿಣ ಅಮೆರಿಕದಲ್ಲಿ ಮಾತ್ರ ಒಂದು ಕುಲವು ಕೋಟ್ಯಂತರ ವರ್ಷಗಳ ಹಿಂದೆಯೇ ಸಮುದ್ರವನ್ನು ತೊರೆದು ನದಿಗಳಲ್ಲಿ ನೆಲಸಿ, ಮತ್ತೆ ಉಪ್ಪುನೀರಿಗೆ ಹೋಗಲಾರದಷ್ಟು ಸಿಹಿನೀರಿಗೆ ಒಗ್ಗಿಹೋಗಿದೆ. ಅಮೆಜಾನ್ ಮತ್ತು ಪರಾನಾ ನದಿಗಳ ಸೀಮೆಯೇ ಅದರ ತೌರು. ಕಪ್ಪು ಮೈಮೇಲೆ ಬಿಳಿ ಚುಕ್ಕೆಗಳಿರುವ, ವ್ಯಾಪಾರಿಗಳು ಅತಿ ಬೆಲೆಕಟ್ಟುವ ಜಾತಿಯು ಬ್ರೆಜಿಲ್ ದೇಶದ ಶಿಂಗು ನದಿಯದು. ಈ ಮೀನು ಮೊಟ್ಟೆಯಿಡದೆ ಮರಿಗಳನ್ನು ಈಯುತ್ತದೆ; ಮರಳಿನಲ್ಲಿ ಮೈಹುದುಗಿಸಿ ಕಣ್ಣನ್ನಷ್ಟೇ ಹೊರಗಿಟ್ಟು ವಿಶ್ರಮಿಸುತ್ತದೆ; ಆಗ ತಲೆಯ ಮೇಲಣ ರಂಧ್ರಗಳಿಂದ ನೀರೆಳೆದುಕೊಂಡು ಉಸಿರಾಡುತ್ತದೆ. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷಕ್ಕೂ ಮೀರಿ ಬದುಕುತ್ತದೆ. ಮನೆಯಲ್ಲಿ ಸಾಕುವ ಜಾತಿಗಳಲ್ಲಿ ಕೆಲವು ಅರ್ಧ ಮೀಟರಿಗೂ ಅಗಲವಾಗಿ ಬೆಳೆಯುತ್ತವೆ. ಕೆಂಪುಬಾಲದ ಬೆಕ್ಕುಮೀನು ಒಂದು ಮೀಟರಿಗೂ ಮೀರಿ ಬೆಳೆಯುತ್ತದೆ. ತೊಟ್ಟಿ ಚಿಕ್ಕದಾದರೆ ಮೀನೂ ಚಿಕ್ಕದಾಗಿಯೇ ಇರುವುದೆಂಬ ಮಾತು ಸಮಾಧಾನಕ್ಕಾಗಿ ಕಟ್ಟಿಕೊಂಡ ಮಾತು. ಇಕ್ಕಟ್ಟಿನಲ್ಲಿ ಮೀನು ಕುಗ್ಗಿದರೆ ಅದು ಹೊಲಸು ನೀರಿನಲ್ಲಿ ಆರೋಗ್ಯಗೆಟ್ಟುದರ ಗುರುತು.

ಇನ್ನು ನೀರಿನ ವಿಚಾರ. ತೊರಕೆಯ ಮರಿಗೆ ಆರು ಅಡಿ ಉದ್ದ, ಮೂರು ಅಡಿ ಅಗಲ, ಎರಡು ಅಡಿ ಆಳದ ತೊಟ್ಟಿಯನ್ನು ಕಟ್ಟಿಸಿದರೆ ಅದು ಆರಂಭಕ್ಕೆ ಮಾತ್ರ ಸಾಕಾದೀತು. ಅದರಲ್ಲಿ ಹಿಡಿಯುವ ನೀರು ಸುಮಾರು 1,000 ಲೀಟರ್. ನೆಲದ ಮೇಲೆ ಬೀಳುವ ಭಾರ ಒಂದು ಟನ್. ಮೀನು ಉಸಿರಾಡಿದಂತೆಲ್ಲ ನೀರಿಗೆ ಅಮೋನಿಯ ಸೇರುತ್ತದೆ. ಅದು ಮೀನಿಗೆ ವಿಷ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಅನಂತರ ಅಷ್ಟೊಂದು ಕೇಡಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಸೂಕ್ಷ್ಮಜೀವಿಗಳು ನೆಲೆಗೊಳ್ಳಲು ವಾರಗಳೇ ಬೇಕು. ಆ ತಾಳ್ಮೆಯಿಲ್ಲದವನ ಮೀನುಗಳು ಮೊದಲ ತಿಂಗಳಲ್ಲಿಯೇ ಸಾಯುತ್ತವೆ. ಅವನು ಅದನ್ನು ವಿಧಿಯೆನ್ನುತ್ತಾನೆ. ಉಳಿದ ನೈಟ್ರೇಟನ್ನು ತೆಗೆಯಲು ವಾರವಾರವೂ ನೀರು ಬದಲಿಸಬೇಕು. ಮೂರರಲ್ಲಿ ಒಂದು ಪಾಲೆಂದರೂ 330 ಲೀಟರ್ ಆಯಿತು. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯು ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರೆಂದು ಲೆಕ್ಕವಿಟ್ಟಿದೆ. ಎಂದರೆ ವಾರಕ್ಕೊಮ್ಮೆ ತೊಟ್ಟಿಯಿಂದ ಹೊರಚೆಲ್ಲುವ ನೀರು ಆರು ಜನರ ಒಂದು ದಿನದ ಪಾಲು. ಮಳೆಯ ಮುಖ ನೋಡುತ್ತ, ಸುವರ್ಣಾವತಿಯ ಜಲಾಶಯ ತುಂಬಿತೇ ಎಂದು ವಿಚಾರಿಸುತ್ತ ಬದುಕುವ ಸೀಮೆಯಲ್ಲಿ ಈ ಲೆಕ್ಕವನ್ನು ಹಗುರವಾಗಿ ಕಾಣಲಾಗದು. ಆ ನೀರನ್ನು ಬಾಳೆಗೋ ತೆಂಗಿಗೋ ಹಾಯಿಸಿದರೆ ಅದರಲ್ಲಿರುವ ಸಾರವು ಗೊಬ್ಬರವಾಗುವುದು. ಇದು ವಿವೇಕಿಯ ಮಾರ್ಗ. ಆದರೂ ಕೊಳವೆಬಾವಿಯ ಗಡಸು ನೀರು ಅಮೆಜಾನಿನ ಮೆದು ನೀರಿನ ಜೀವಕ್ಕೆ ಹಿತವಲ್ಲ. ಕರೆಂಟು ಹೋಗಿ ಗಾಳಿಯೂದುವ ಯಂತ್ರ ನಿಂತರೆ, ದೊಡ್ಡ ಮೀನುಗಳು ತುಂಬಿದ ತೊಟ್ಟಿಯಲ್ಲಿ ಕೆಲವೇ ಗಂಟೆಗಳಲ್ಲಿ ಉಸಿರಿಗೆ ಕಷ್ಟವಾಗುತ್ತದೆ.

ಎಲ್ಲಕ್ಕಿಂತ ಸೂಕ್ಷ್ಮವಾದುದು ಆಹಾರದ ಪ್ರಶ್ನೆ. ತೊರಕೆಯು ಹುಳು, ಸೀಗಡಿ, ಸಣ್ಣ ಮೀನುಗಳನ್ನು ತಿಂದು ಬದುಕತಕ್ಕದ್ದು. ಕಾಳಿನಿಂದಲೋ ಅನ್ನದಿಂದಲೋ ಅದನ್ನು ಉಳಿಸಲಾಗದು. ಮಾಂಸವು ಹೊಸಿಲು ದಾಟದ ಲಿಂಗವಂತರ ಮನೆಯಲ್ಲಿ ದಿನದಿನವೂ ಸೀಗಡಿಯನ್ನು ಕತ್ತರಿಸಿ ಹಾಕಬೇಕಾಗುವುದು. ಕೆಲವರು ನೋಟದ ಚಪಲಕ್ಕೆ ಜೀವಂತ ಮೀನುಗಳನ್ನೇ ಬಿಡುವರು. ಇಲ್ಲಿ ಮೀನಿನ ದೋಷ ಎಳ್ಳಷ್ಟೂ ಇಲ್ಲ. ನದಿಯಲ್ಲಿ ಅದು ತಿನ್ನುವುದು ತನ್ನ ಹಸಿವಿಗಾಗಿ. ಅದಕ್ಕೆ ಪಾಪಪುಣ್ಯಗಳ ಲೇಪವಿಲ್ಲ. ಮನೆಯ ತೊಟ್ಟಿಯಲ್ಲಿ ನಡೆಯುವ ಕೊಲೆಯಾದರೋ ಮನುಷ್ಯನ ಕಣ್ಣಿನ ಹಸಿವಿಗಾಗಿ ನಡೆಯುತ್ತದೆ. ಇದನ್ನು ತಿಳಿದು ಮೀನಿಗೆ ಮಾಂಸವನ್ನು ಕೊಡದೆ ಸಸ್ಯಾಹಾರ ಕಲಿಸುತ್ತೇನೆನ್ನುವುದು ಇನ್ನೂ ಕ್ರೂರ. ತನ್ನ ವ್ರತವನ್ನು ಬಾಯಿಲ್ಲದ ಜೀವದ ಮೇಲೆ ಹೇರಿ ಅದನ್ನು ಉಪವಾಸ ಕೆಡಹುವುದು ವ್ರತವೆನಿಸದು.

ಪ್ರತಿವಾದವಿಲ್ಲದೆ ಇಲ್ಲ. ಹಸುವನ್ನು ಕಟ್ಟಿ ಸಾಕುವುದಿಲ್ಲವೇ? ಎತ್ತಿಗೆ ಮೂಗುದಾರ ಹಾಕುವುದಿಲ್ಲವೇ? ಮನೆಯ ಬೆಕ್ಕು ಇಲಿಯನ್ನು ಹಿಡಿಯುವುದಿಲ್ಲವೇ? ಈ ಮಾತಿನಲ್ಲಿ ಹುರುಳುಂಟು. ರೈತನ ದನಸಾಕಣೆಯೂ ವಿಚಾರಣೆಗೆ ಹೊರತಾದುದಲ್ಲ. ಆದರೆ ಎತ್ತು ಸಾವಿರಾರು ವರ್ಷಗಳಿಂದ ಮನುಷ್ಯನೊಡನೆ ಬೆಳೆದು ಬಂದ ಪ್ರಾಣಿ. ಅವನ ಕಾಯಕದಲ್ಲಿ ಅದಕ್ಕೆ ಪಾಲುಂಟು, ಅದು ಉಣ್ಣುವ ಮೇವು ಅದೇ ಹೊಲದ್ದು, ಅದರ ನೋವು ರೈತನಿಗೆ ಕಣ್ಣಿಗೆ ಕಾಣುವಂಥದು. ಮೀನು ಕೂಗುವುದಿಲ್ಲ, ಕಣ್ಣೀರಿಡುವುದಿಲ್ಲ. ಅದರ ಸಂಕಟವನ್ನು ನೀರನ್ನು ಪರೀಕ್ಷಿಸಿ, ಉಸಿರಾಟವನ್ನು ಗಮನಿಸಿ, ಮೈಯ ಅಂಚನ್ನು ನೋಡಿ ತಿಳಿಯಬೇಕು. ಅಂತೆಯೇ ಇಂಥ ಎಚ್ಚರದಿಂದ ಮೀನು ಸಾಕುವವರೂ ಇದ್ದಾರೆಂಬುದನ್ನು ಒಪ್ಪಬೇಕು. ನೀರು ಕಾಯಿಸುವ ಸಲಾಕೆಗೆ ತೊರಕೆಯು ಒರಗಿ ಸುಟ್ಟುಕೊಳ್ಳದಂತೆ ತಡೆಗಟ್ಟು ಹಾಕುವವರು, ಕ್ಲೋರಿನ್ ಕಳೆಯದೆ ಒಂದು ಕೊಡ ನೀರನ್ನೂ ಸುರಿಯದವರು, ಹಬ್ಬದ ದಿನವೂ ತೊಟ್ಟಿಯ ಕೆಲಸವನ್ನು ತಪ್ಪಿಸದವರು. ಅವರ ದುಡಿಮೆಯು ಕಾಯಕಕ್ಕೆ ಸಮೀಪವಾದುದು. ಆ ಶ್ರದ್ಧೆಯಿಲ್ಲದೆ ಒಡೆತನವನ್ನಷ್ಟೇ ಬಯಸುವವನ ವಿಷಯದಲ್ಲಿ ಹೀಗೆ ಹೇಳಲಾಗದು.

ಈ ಸಂದರ್ಭದಲ್ಲಿ ಆಯ್ದಕ್ಕಿ ಮಾರಯ್ಯನ ಪ್ರಸಂಗವು ನೆನಪಿಗೆ ಬರತಕ್ಕದ್ದು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಆ ಶರಣನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದನು. ಅವನ ಸತಿ ಲಕ್ಕಮ್ಮನು ಅದನ್ನು ಆಸೆಯೆಂದು ಗುರುತಿಸಿ, ಹೆಚ್ಚಿನ ಅಕ್ಕಿಯನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳು. ಅವನು ಹಾಗೆಯೇ ಮಾಡಿದನು. ಅಗತ್ಯಕ್ಕೆ ಮೀರಿದುದನ್ನು ಮನೆಗೆ ತರಬಾರದೆಂಬುದು ಈ ಕಥೆಯ ಪ್ರಸಿದ್ಧವಾದ ತಾತ್ಪರ್ಯ. ಆದರೆ ಇಲ್ಲಿ ಮತ್ತೊಂದು ಅಂಶವಿದೆ. ಅಕ್ಕಿಯಾದುದರಿಂದ ಅದನ್ನು ಹಿಂದಿರುಗಿಸಲು ಸಾಧ್ಯವಾಯಿತು. ಶಿಂಗು ನದಿಯ ಜೀವವನ್ನು ಚಂದಕವಾಡಿಗೆ ತಂದ ಮೇಲೆ ಯಾವ ಅಂಗಳದಲ್ಲಿ ಸುರಿದು ಬರುವುದು? ಆಸೆಯಿಂದ ತಂದ ವಸ್ತುವಿಗೆ ಪ್ರಾಯಶ್ಚಿತ್ತವುಂಟು. ಆಸೆಯಿಂದ ತಂದ ಜೀವಕ್ಕೆ ಹಿಂದಿರುಗುವ ದಾರಿಯಿಲ್ಲ. ಅದನ್ನು ಕೊನೆಯವರೆಗೆ ಹೊರುವುದೊಂದೇ ಉಳಿದ ಮಾರ್ಗ.

ಇದನ್ನು ಮರೆತವರು ಮೀನು ಬೆಳೆದು ತೊಟ್ಟಿ ಸಾಲದಾದಾಗ ಕೆರೆಗೋ ಹೊಳೆಗೋ ಬಿಟ್ಟು ಬರುತ್ತಾರೆ. ಬಂಧನದಿಂದ ಬಿಡಿಸಿದ ಪುಣ್ಯವೆಂದು ಸಮಾಧಾನಪಡುತ್ತಾರೆ. ಇದಕ್ಕಿಂತ ದೊಡ್ಡ ಭ್ರಮೆಯಿಲ್ಲ. 2018ರ ಕೇರಳದ ಮಹಾಪ್ರವಾಹದ ಅನಂತರ ಚಾಲಕುಡಿ ನದಿಯಲ್ಲಿ ಅಮೆಜಾನಿನ ಅರಪೈಮಾ ಮೀನೂ ಮೊಸಳೆಮೂತಿಯ ಗಾರ್ ಮೀನೂ ಸಿಕ್ಕಿದವು. ಸಾಕಿದ ಕೊಳ, ತೊಟ್ಟಿಗಳಿಂದ ಹೊರಬಿದ್ದ ಪರದೇಶದ ಜೀವಗಳು ಅವು. ತೊಟ್ಟಿಯ ಪಾಚಿ ತಿನ್ನಲೆಂದು ಕೊಂಡು ತಂದ, ಮೈಯೆಲ್ಲ ಗಡುಸು ಫಲಕಗಳುಳ್ಳ ಬೆಕ್ಕುಮೀನು ಇಂದು ದಕ್ಷಿಣ ಭಾರತದ ಹಲವು ಕೆರೆಗಳಲ್ಲಿ ಹಬ್ಬಿ, ಬೆಸ್ತರ ಬಲೆಗಳನ್ನು ಹರಿಯುತ್ತಿದೆ. ಸದುದ್ದೇಶದಿಂದ ಬಿಟ್ಟರೂ ಕೇಡು ತಪ್ಪದೆಂಬುದಕ್ಕೆ ಕಾವೇರಿಯೇ ಸಾಕ್ಷಿ. 1946ರಲ್ಲಿ ಕಬಿನಿಯಲ್ಲಿ 120 ಪೌಂಡು ತೂಗಿದ ಮಹಶೀರ್ ಮೀನೊಂದು ಸಿಕ್ಕಿತ್ತು. ಕಾವೇರಿ ಸೀಮೆಯಲ್ಲಿ ಹೊರತು ಬೇರೆಲ್ಲಿಯೂ ಇಲ್ಲದ ಆ ಗೂನುಬೆನ್ನಿನ ಮಹಶೀರ್ ಕುಲವನ್ನು 2018ರಲ್ಲಿ ಅಳಿವಿನ ಅಂಚಿನ ಜೀವಗಳ ಪಟ್ಟಿಗೆ ಸೇರಿಸಲಾಯಿತು. ಅದರ ಕ್ಷಯಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಬೇರೆಡೆಯಿಂದ ತಂದು ಈ ನದಿಗೆ ಬಿಟ್ಟ ನೀಲಿರೆಕ್ಕೆಯ ಮಹಶೀರ್ ಕೂಡ ಒಂದೆಂದು ಸಂಶೋಧಕರು ಹೇಳುತ್ತಾರೆ. ಸುವರ್ಣಾವತಿಯ ನೀರೂ ಹರಿದು ಸೇರುವುದು ಆ ಕಾವೇರಿಯನ್ನೇ. ಒಂದು ಜೀವದ ಮೇಲಿನ ಕನಿಕರವು ಸಾವಿರ ಜೀವಗಳಿಗೆ ಮೃತ್ಯುವಾಗುವುದಾದರೆ ಅದನ್ನು ದಯೆಯೆನ್ನಲು ಬಾರದು.

ಹೀಗಿರಲು, ಈಗಾಗಲೇ ಇಂಥ ಮೀನನ್ನು ಸಾಕುತ್ತಿರುವ ಗೃಹಸ್ಥನು ಮಾಡಬೇಕಾದುದೇನು? ತೊಟ್ಟಿಯನ್ನು ಮೀನಿನ ಬೆಳವಣಿಗೆಗೆ ತಕ್ಕಂತೆ ಹಿಗ್ಗಿಸಬೇಕು. ಆಗದಿದ್ದರೆ ಹೊರಬಲ್ಲ ಬೇರೊಬ್ಬ ಸಾಕಣೆಗಾರನಿಗೆ ಒಪ್ಪಿಸಬೇಕು. ಯಾವ ಕಾರಣಕ್ಕೂ ಕೆರೆ ಹೊಳೆಗಳಿಗೆ ಬಿಡಬಾರದು. ಬ್ರೆಜಿಲ್ಲಿನ ತೊರಕೆಗಳ ಏಳು ಜಾತಿಗಳನ್ನು 2022ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಎರಡನೆಯ ಪಟ್ಟಿಗೆ ಸೇರಿಸಲಾಗಿದೆ. ಅದೇ ವರ್ಷ ತಿದ್ದುಪಡಿಯಾದ ನಮ್ಮ ವನ್ಯಜೀವಿ ಕಾನೂನು ಇಂಥ ಜೀವಗಳನ್ನು ಇಟ್ಟುಕೊಂಡವರು ನೋಂದಾಯಿಸಬೇಕೆಂದು ವಿಧಿಸುತ್ತದೆ. ಮಕ್ಕಳ ಕೈ ತೊಟ್ಟಿಗಿಳಿಯದಂತೆ ಕಾಯಬೇಕು. ಮುಳ್ಳು ತಗುಲಿದರೆ ನೋವು ಅತಿಯಾಗುವುದು; ಗಾಯವನ್ನು ಚರ್ಮ ಬೇಯದ ಹಾಗೆ ತಾಳುವಷ್ಟು ಬಿಸಿಯಾದ ನೀರಿನಲ್ಲಿಟ್ಟು ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಇವೆಲ್ಲ ಒಡೆತನದ ಜೊತೆಗೆ ಬಂದ ಋಣಗಳು.

ಇನ್ನೂ ಕೊಳ್ಳದವನಿಗೆ ಬೇರೆ ದಾರಿಗಳುಂಟು. ಶೃಂಗೇರಿಯ ತುಂಗೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ, ಶಿಶಿಲದ ಕಪಿಲೆಯಲ್ಲಿ ಮೊಳಕೈಯುದ್ದದ ಮೀನುಗಳು ಹಿಂಡುಹಿಂಡಾಗಿ ಮೆಟ್ಟಿಲ ಬಳಿಗೆ ಬರುತ್ತವೆ. ಅವುಗಳಿಗೆ ಗಾಜಿನ ಗೋಡೆಯಿಲ್ಲ, ಒಡೆಯನಿಲ್ಲ. ಜನರ ಭಕ್ತಿಯೇ ಅವುಗಳಿಗೆ ಕಾವಲು. ಮಕ್ಕಳನ್ನು ಅಲ್ಲಿಗೆ ಕರೆದೊಯ್ದರೆ ಬೆರಗಿಗೂ ಕೊರತೆಯಿಲ್ಲ, ಪಾಠಕ್ಕೂ ಕೊರತೆಯಿಲ್ಲ. ಮನೆಯಲ್ಲಿಯೇ ಜಲಜೀವನವನ್ನು ತೋರಿಸಬೇಕೆಂದರೆ ಬೆರಳುದ್ದಕ್ಕೆ ಮೀರದ ಕೆಲವು ಸಣ್ಣ ಮೀನುಗಳು, ಒಂದಿಷ್ಟು ನೀರುಗಿಡಗಳು ಸಾಕು. ಅವುಗಳ ಋಣವನ್ನು ಸಾಮಾನ್ಯ ಗೃಹಸ್ಥನೂ ತೀರಿಸಬಲ್ಲನು.

ಜೀವವನ್ನು ಮನೆಗೆ ತರುವ ಮುನ್ನ ಭಕ್ತನು ತನ್ನನ್ನು ಮೂರು ಮಾತು ಕೇಳಿಕೊಳ್ಳಲಿ. ಇದರ ಹಸಿವನ್ನು ನನ್ನ ಮನೆ ಒಪ್ಪಬಲ್ಲುದೇ? ಇದರ ಬೆಳವಣಿಗೆಯನ್ನು ನನ್ನ ಮನೆ ತಾಳಬಲ್ಲುದೇ? ನನ್ನ ಕುತೂಹಲ ಮುಗಿದ ಮೇಲೂ ನನ್ನ ಕೈ ಇದಕ್ಕಾಗಿ ದುಡಿಯಬಲ್ಲುದೇ? ಮೂರಕ್ಕೂ ಹೌದೆಂಬ ಉತ್ತರ ಬಂದಲ್ಲಿ ಮಾತ್ರ ಒಡೆತನಕ್ಕೆ ಅಧಿಕಾರವುಂಟು. ಒಂದಕ್ಕಾದರೂ ಇಲ್ಲವೆಂದು ಬಂದರೆ, ಆ ಜೀವವನ್ನು ಅದರ ನದಿಯಲ್ಲಿಯೇ ಇರಗೊಡುವುದು ದಯೆಯ ಮೊದಲ ಕೆಲಸ.