ಜಾಮೀನು ಯಾರು?

ಲಕ್ಷ್ಮೇಶ್ವರದ ಒಂದು ಓಣಿಯಲ್ಲಿ ನನ್ನ ಸೋದರಮಾವ ಸಂಜೆ ಹೊತ್ತು ಹುಡುಗರಿಗೆ ಪಾಠ ಹೇಳುತ್ತಾರೆ. ಹೋದ ಬೇಸಿಗೆಯಲ್ಲಿ ಅವರ ಪಡಸಾಲೆಯಲ್ಲಿ ಆರು ಹಳೆಯ ಲ್ಯಾಪ್‌ಟಾಪ್‌ಗಳನ್ನು ಸಾಲಾಗಿ ಇಟ್ಟುಕೊಂಡು ಕುಳಿತಿದ್ದೆ. ಧಾರವಾಡದಲ್ಲಿ ನನ್ನ ಜೊತೆ ಪಿಎಚ್.ಡಿ. ಮಾಡುತ್ತಿರುವ ಗೆಳೆಯರು ಹೊಸದು ಕೊಂಡಾಗ ಬಿಟ್ಟುಕೊಟ್ಟವು ಅವು. ಅವುಗಳಲ್ಲಿ ಲಿನಕ್ಸ್ ಹಾಕಿ, ಹುಡುಗರು ಕನ್ನಡದಲ್ಲಿ ಬರೆಯುವ ಹಾಗೆ ಮಾಡಿಕೊಡುವುದು ನನ್ನ ಕೆಲಸವಾಗಿತ್ತು. ಮೆಮೊರಿ ಕಡಿಮೆ ಇದ್ದ ಯಂತ್ರಗಳು. ಹಾಗಾಗಿ ಬೇಡದ್ದನ್ನೆಲ್ಲ ಕಿತ್ತುಹಾಕಿದ ಹಗುರವಾದ ಕರ್ನೆಲ್ ಒಂದನ್ನು ನಾನೇ ಸಿದ್ಧಮಾಡಿಕೊಂಡು ಹೋಗಿದ್ದೆ. ಗುಂಡಿ ಒತ್ತಿದೆ. ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು, ಸಹಿ ಸರಿಯಿಲ್ಲ ಎಂದು. ಯಂತ್ರ ಅಲ್ಲಿಗೆ ನಿಂತಿತು.

ಪಕ್ಕದಲ್ಲಿದ್ದ ಹುಡುಗ ಕೇಳಿದ, "ಅಕ್ಕಾರ, ಇದನ್ನ ನೀವ ಮಾಡಿದ್ದಲ್ಲೇನ್ರಿ? ಮತ್ತ ಯಾಕ ಒಲ್ಲೆ ಅಂತೈತಿ?"

"ಅದಕ್ಕ ನಾ ಯಾರಂತ ಗೊತ್ತಿಲ್ಲಪಾ" ಎಂದೆ.

"ಹಂಗಾರ ಅದಕ್ಕ ಯಾರು ಗೊತ್ತದಾರ್ರಿ?"

ಉತ್ತರ ಹೇಳಲು ಹೊತ್ತಿರಲಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ 'ಸೆಕ್ಯೂರ್ ಬೂಟ್' ಎಂಬುದನ್ನು ಆಫ್ ಮಾಡಿದೆ. ಎರಡು ನಿಮಿಷದ ಕೆಲಸ. ಯಂತ್ರ ಎದ್ದಿತು, ಹುಡುಗರು ಚಪ್ಪಾಳೆ ತಟ್ಟಿದರು. ಆದರೆ ಬೆಟಗೇರಿಗೆ ಹಿಂತಿರುಗುವ ಬಸ್ಸಿನಲ್ಲಿ ಆ ಹುಡುಗನ ಪ್ರಶ್ನೆಯೇ ತಲೆಯಲ್ಲಿ ಉಳಿದಿತ್ತು.

ಗುಂಡಿ ಒತ್ತಿದ ಕ್ಷಣದಲ್ಲಿ ಕಂಪ್ಯೂಟರಿಗೆ ಏನೂ ಗೊತ್ತಿರುವುದಿಲ್ಲ. ತನಗೆ ಡಿಸ್ಕ್ ಇದೆಯೆಂದಾಗಲಿ, ಪರದೆ ಇದೆಯೆಂದಾಗಲಿ ಅದಕ್ಕೆ ತಿಳಿಯದು. ಮೊದಲೇ ನಿಗದಿಯಾದ ಒಂದು ವಿಳಾಸಕ್ಕೆ ಹೋಗಿ ಅಲ್ಲಿರುವ ಆದೇಶ ಓದುವುದಷ್ಟೇ ಪ್ರೊಸೆಸರಿಗೆ ಗೊತ್ತು. ಆ ವಿಳಾಸದಲ್ಲಿ ಸಿಗುವುದು ಮದರ್‌ಬೋರ್ಡಿನ ಪುಟ್ಟ ಚಿಪ್ಪಿನೊಳಗೆ ತಯಾರಕರು ಬರೆದಿಟ್ಟ ಫರ್ಮ್‌ವೇರ್. ಆ ಹೊತ್ತಿಗೆ ರ‍್ಯಾಮ್ ಕೂಡ ಎಚ್ಚರಗೊಂಡಿರುವುದಿಲ್ಲ. ಫರ್ಮ್‌ವೇರ್ ಮೊದಲು ಪ್ರೊಸೆಸರಿನೊಳಗಿನ ಕ್ಯಾಶನ್ನೇ ತಾತ್ಕಾಲಿಕ ಮೆಮೊರಿಯಾಗಿ ಬಳಸಿಕೊಂಡು, ಆಮೇಲೆ ರ‍್ಯಾಮನ್ನು ಎಬ್ಬಿಸುತ್ತದೆ. ನಂತರ ಡಿಸ್ಕ್ ಹುಡುಕಿ, ಅದರಿಂದ ಮುಂದಿನ ಪ್ರೋಗ್ರಾಮನ್ನು ತಂದು, ಅಧಿಕಾರವನ್ನು ಅದರ ಕೈಗೆ ಕೊಡಬೇಕು.

ಹಳೆಯ ಕಾಲದ ಬಯಾಸ್ ಈ ಹಸ್ತಾಂತರವನ್ನು ಹೆಚ್ಚು ವಿಚಾರಿಸದೆ ಮಾಡುತ್ತಿತ್ತು. ಡಿಸ್ಕಿನ ಮೊದಲ 512 ಬೈಟುಗಳನ್ನು ಓದು. ಕೊನೆಯ ಎರಡು ಬೈಟುಗಳಲ್ಲಿ ಗೊತ್ತಾದ ಗುರುತು ಇದ್ದರೆ ಅದನ್ನೇ ಓಡಿಸು. ಬರೆದವರು ಯಾರು ಎಂದು ಕೇಳುತ್ತಿರಲಿಲ್ಲ. ಹಾಗಾಗಿ ಕರ್ನೆಲ್‌ಗಿಂತ ಮೊದಲೇ ಬಂದು ಕೂರುವ ವೈರಸ್ಸುಗಳಿಗೆ ಅದು ತೆರೆದ ಬಾಗಿಲಾಗಿತ್ತು. ಆ ಬಯಾಸ್‌ನ ಜಾಗಕ್ಕೆ ಬಂದದ್ದು ಯುಇಎಫ್‌ಐ. ಇಂಟೆಲ್ 1990ರ ದಶಕದ ಕೊನೆಯಲ್ಲಿ ಆರಂಭಿಸಿದ ಆ ಕೆಲಸವನ್ನು 2005ರಲ್ಲಿ ಹಲವು ಕಂಪನಿಗಳ ಒಂದು ವೇದಿಕೆ ವಹಿಸಿಕೊಂಡಿತು. ವಿಂಡೋಸ್ 8ರ ಜೊತೆಗೆ, 2012ರಲ್ಲಿ, ಸೆಕ್ಯೂರ್ ಬೂಟ್ ಸಾಮಾನ್ಯರ ಕಂಪ್ಯೂಟರುಗಳಿಗೆ ಬಂತು. ಅಲ್ಲಿಂದ ಫರ್ಮ್‌ವೇರ್ ಕೇಳತೊಡಗಿತು: ನಿನಗೆ ಜಾಮೀನು ಯಾರು?

ಅದರ ಲೆಕ್ಕ ಹೀಗೆ. ಯಂತ್ರ ತಯಾರಿಸಿದವರ ಕೀಲಿಕೈ ಎಲ್ಲಕ್ಕೂ ಮೇಲೆ. ಅದರ ಕೆಳಗೆ ಎರಡು ಪಟ್ಟಿಗಳು: ಯಾರ ಸಹಿಯನ್ನು ಒಪ್ಪಬೇಕು, ಯಾವುದನ್ನು ತಿರಸ್ಕರಿಸಬೇಕು ಎಂದು. ಒಪ್ಪಬೇಕಾದ ಪಟ್ಟಿಯಲ್ಲಿ ಹೆಚ್ಚುಕಡಿಮೆ ಎಲ್ಲ ಲ್ಯಾಪ್‌ಟಾಪ್‌ಗಳಲ್ಲೂ ಮೈಕ್ರೋಸಾಫ್ಟ್ ಇರುತ್ತದೆ. ಆದ್ದರಿಂದ ಲಿನಕ್ಸಿನವರು 'ಶಿಮ್' ಎಂಬ ಚಿಕ್ಕ ಪ್ರೋಗ್ರಾಮ್ ಬರೆದು ಅದಕ್ಕೆ ಮೈಕ್ರೋಸಾಫ್ಟ್‌ನ ಸಹಿ ಪಡೆಯುತ್ತಾರೆ. ಶಿಮ್ ಗ್ರಬ್ಬಿನ ಸಹಿ ನೋಡಿ ಅದನ್ನು ಒಳಗೆ ಬಿಡುತ್ತದೆ; ಗ್ರಬ್ ಶಿಮ್ಮಿನ ಸಹಾಯದಿಂದ ಕರ್ನೆಲ್ಲಿನ ಸಹಿ ನೋಡುತ್ತದೆ. ಒಬ್ಬರಿಗೆ ಇನ್ನೊಬ್ಬರು ಜಾಮೀನು. ನನ್ನ ಕರ್ನೆಲ್ಲಿಗೆ ಆ ಸಾಲಿನಲ್ಲಿ ಯಾರೂ ಇರಲಿಲ್ಲ, ಅಷ್ಟೆ.

ಜಾಮೀನು ಎಂಬ ಶಬ್ದ ನಮ್ಮ ಮನೆಯಲ್ಲಿ ಹಗುರವಾಗಿ ಬಳಸುವಂಥದ್ದಲ್ಲ. ಅಪ್ಪ ಬೆಟಗೇರಿಯಲ್ಲಿ ನೇಕಾರರು. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಓಣಿಯ ಗೆಳೆಯರೊಬ್ಬರು ಒಂದು ಪತ್ತಿನ ಸಂಘದಲ್ಲಿ ಮಗ್ಗಕ್ಕೆಂದು ಸಾಲ ತೆಗೆದರು. ಅಪ್ಪ ಜಾಮೀನು ಹಾಕಿದರು. ವರ್ಷದೊಳಗೆ ಅವರು ಇಚಲಕರಂಜಿಗೆ ಹೋದರು, ತಿರುಗಿ ಬರಲಿಲ್ಲ. ನಾಲ್ಕು ವರ್ಷ ಕಂತು ಕಟ್ಟಿದವರು ಅಪ್ಪ. ಅವ್ವನ ಪಾಟ್ಲಿ ಹೋದವು. ನಾನು ಒಮ್ಮೆ ಸಿಟ್ಟಿನಲ್ಲಿ ಕೇಳಿದ್ದೆ, "ಏನ್ ನೋಡಿ ಸಹಿ ಮಾಡಿದ್ಯಪ್ಪಾ ನೀ?" ಅಪ್ಪ ಲಾಳಿಯಿಂದ ಕಣ್ಣೆತ್ತದೆ ಹೇಳಿದ್ದರು, "ಮಾರಿ ನೋಡಿ ಮಾಡೀನಿ. ಮತ್ತೇನ್ ನೋಡಬೇಕಿತ್ತವಾ?"

ಆಗ ಅದು ದಡ್ಡತನದ ಮಾತು ಎನಿಸಿತ್ತು. ಈಗ ನನ್ನದೇ ವಿಷಯದಲ್ಲಿ ಓದುತ್ತ ಹೋದಂತೆ, ಅಪ್ಪನಿಗಿಂತ ಜಾಣರಾದವರೂ ಕೊನೆಗೆ ಅಲ್ಲಿಗೇ ಬಂದು ನಿಂತಿದ್ದಾರೆ ಅನಿಸುತ್ತದೆ. ಯೂನಿಕ್ಸ್ ಕಟ್ಟಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಒಂದು ವಿಷಯ ತೋರಿಸಿದರು. ಒಂದು ಕಂಪೈಲರ್‌ ತಾನು ತಯಾರಿಸುವ ಪ್ರೋಗ್ರಾಮಿನೊಳಗೆ ಕಳ್ಳಬಾಗಿಲು ಇಡಬಲ್ಲದು. ತನ್ನ ಮುಂದಿನ ಆವೃತ್ತಿಗೂ ಅದೇ ಗುಟ್ಟನ್ನು ದಾಟಿಸಬಲ್ಲದು. ಮೂಲಸಂಕೇತವನ್ನು ಸಾಲು ಸಾಲು ಓದಿದರೂ ಅದು ಕಾಣುವುದಿಲ್ಲ. ಪ್ರತಿಯೊಂದು ಪರೀಕ್ಷೆಯನ್ನೂ ಇನ್ನೊಂದು ಸಲಕರಣೆಯಿಂದಲೇ ಮಾಡಬೇಕು, ಆ ಸಲಕರಣೆಯನ್ನು ಮಾಡಿದವರು ಬೇರೆ ಯಾರೋ. ಕೊನೆಗೆ ನಾವು ನಂಬುವುದು ಜನರನ್ನು. ಮೊದಲನೆಯ ನಂಬಿಕೆಗೆ ಪುರಾವೆ ಇರುವುದಿಲ್ಲ. ಅದನ್ನು ಯಾರೋ ಒಬ್ಬರು ಕೊಡಬೇಕಾಗುತ್ತದೆ.

ಹಾಗಿದ್ದ ಮೇಲೆ ಎಲ್ಲ ಮೊದಲ ನಂಬಿಕೆಗಳೂ ಒಂದೇ ಬೆಲೆಯವೆ? ಅಲ್ಲ ಎಂದು ನನಗೆ ತೋರಿಸಿದ್ದು ನಮ್ಮ ಜಿಲ್ಲೆಯದೇ ಒಂದು ಸಂಗತಿ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಏಷ್ಯಾದಲ್ಲೇ ಮೊದಲನೆಯದು ಎಂದು ನಮ್ಮ ಕಡೆ ಹೆಮ್ಮೆಯಿಂದ ಹೇಳುತ್ತಾರೆ. ಅದಕ್ಕೆ ಆಧಾರವಾದ 1904ರ ಕಾಯ್ದೆಯ ಒಂದು ಅಂಶದ ಬಗ್ಗೆ ಯಾರೂ ಅಷ್ಟು ಮಾತಾಡುವುದಿಲ್ಲ: ಗ್ರಾಮೀಣ ಸಂಘಗಳ ಸದಸ್ಯರ ಹೊಣೆಗೆ ಸಾಮಾನ್ಯವಾಗಿ ಮಿತಿ ಇರಲಿಲ್ಲ. ಸಂಘ ಮುಳುಗಿದರೆ ಸದಸ್ಯನ ಶೇರಿನ ಹಣ ಹೋಗಿ ಮುಗಿಯುವುದಿಲ್ಲ, ಅವನ ಹೊಲಕ್ಕೂ ಬಿಸಿ ತಟ್ಟುತ್ತದೆ. ಆದ್ದರಿಂದಲೇ ಯಾರಿಗೆ ಸಾಲ ಕೊಡಬೇಕು, ಅವನು ಬಿತ್ತನೆಗೆ ತೆಗೆದ ಹಣವನ್ನು ಬಿತ್ತನೆಗೇ ಹಾಕಿದನೆ ಎಂದು ಒಬ್ಬರನ್ನೊಬ್ಬರು ಗಮನಿಸುತ್ತಿರಬೇಕಿತ್ತು. ನಂಬಿಕೆಗೆ ಪುರಾವೆ ಅಲ್ಲಿಯೂ ಇರಲಿಲ್ಲ. ನಂಬಿದವರು ಬೆಲೆ ತೆರಲು ಸಿದ್ಧರಿದ್ದರು, ಅಷ್ಟೇ ವ್ಯತ್ಯಾಸ.

ಈ ಅಳತೆಗೋಲಿನಿಂದ ನೋಡಿದರೆ ಸೆಕ್ಯೂರ್ ಬೂಟ್‌ನಲ್ಲಿ ಒಂದು ಕೊರತೆ ಕಾಣುತ್ತದೆ. 2020ರ ಜುಲೈನಲ್ಲಿ ಗ್ರಬ್ಬಿನಲ್ಲಿ 'ಬೂಟ್‌ಹೋಲ್' ಎಂಬ ದೋಷ ಬಯಲಾಯಿತು. ಸಹಿ ಇದ್ದ ಗ್ರಬ್ಬನ್ನೇ ಹಿಡಿದು ಸಹಿ ಇಲ್ಲದ್ದನ್ನು ಓಡಿಸಬಹುದಿತ್ತು. ತಿದ್ದುಪಡಿ ಹಾಕಿಕೊಂಡ ಕೆಲವು ಸರ್ವರುಗಳು ಮೇಲೇಳಲೇ ಇಲ್ಲ. ರಾತ್ರಿ ಕೂತು ಅವನ್ನು ಎಬ್ಬಿಸಿದವರು ಅವನ್ನು ನಡೆಸುತ್ತಿದ್ದವರೇ. 2024ರಲ್ಲಿ ಇನ್ನೂ ವಿಚಿತ್ರವಾದದ್ದು ಗೊತ್ತಾಯಿತು: ನೂರಾರು ಮಾದರಿಯ ಯಂತ್ರಗಳಲ್ಲಿ ಎಲ್ಲಕ್ಕೂ ಮೇಲಿನ ಕೀಲಿಕೈಯಾಗಿ ಪರೀಕ್ಷೆಗೆಂದು ಮಾಡಿದ ಒಂದು ಕೀಲಿಕೈಯನ್ನೇ ಬಿಟ್ಟಿದ್ದರು. ಅದರ ಹೆಸರಿನಲ್ಲೇ 'ನಂಬಬೇಡಿ' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅದರ ಗುಟ್ಟಿನ ಭಾಗವೂ ಸೋರಿಹೋಗಿತ್ತು. ಸಹಿ ಮಾಡುವವರು ಬೇಜವಾಬ್ದಾರರು ಎಂದು ನಾನು ಹೇಳುತ್ತಿಲ್ಲ. ಅವರು ಪರಿಶೀಲಿಸುತ್ತಾರೆ, ತಪ್ಪಾದರೆ ತಿರಸ್ಕಾರದ ಪಟ್ಟಿ ಹಿಗ್ಗಿಸುತ್ತಾರೆ, ಕೋಟ್ಯಂತರ ಜನ ಅವರಿಂದ ಸುರಕ್ಷಿತರಾಗಿದ್ದಾರೆ. ಆದರೆ ಅಲ್ಲಿ ಜಾಮೀನು ಹಾಕುವವರೂ ಕಂತು ಕಟ್ಟುವವರೂ ಬೇರೆ ಬೇರೆ. ನಮ್ಮಪ್ಪ ಸಹಿ ಮಾಡಿದಾಗ ಇಬ್ಬರೂ ಒಬ್ಬರೇ ಆಗಿದ್ದರು.

ಇಷ್ಟೆಲ್ಲ ಯೋಚಿಸಿದ ಮೇಲೆ ನನ್ನ ಎರಡು ನಿಮಿಷದ ಕೆಲಸ ಚುಚ್ಚತೊಡಗಿತು. ಸೆಕ್ಯೂರ್ ಬೂಟ್ ಆಫ್ ಮಾಡಿದಾಗ ನಾನು ಹುಡುಗರಿಗೆ ಸ್ವಾತಂತ್ರ್ಯ ಕೊಟ್ಟೆ ಎಂದುಕೊಂಡಿದ್ದೆ. ನಿಜಕ್ಕೂ ಮಾಡಿದ್ದು, ಯಾರ ಜಾಮೀನೂ ಇಲ್ಲದ ಯಂತ್ರಗಳನ್ನು ಅವರ ಮುಂದೆ ಇಟ್ಟು ಬಸ್ ಹತ್ತಿದ್ದು.

ಶಿಮ್‌ನಲ್ಲಿ ಇನ್ನೊಂದು ದಾರಿ ಇದೆ. ಯಂತ್ರದ ಒಡೆಯರು ತಮ್ಮದೇ ಕೀಲಿಕೈಯನ್ನು ಅದರಲ್ಲಿ ದಾಖಲಿಸಬಹುದು. ಮೊದಲು ಒಂದು ಪಾಸ್‌ವರ್ಡ್ ಕೊಟ್ಟು ಯಂತ್ರವನ್ನು ಮರುಚಾಲನೆ ಮಾಡಬೇಕು. ಆಗ ನೀಲಿ ಪರದೆ ಬರುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಯಾವುದಾದರೂ ಗುಂಡಿ ಒತ್ತಿ ಅದೇ ಪಾಸ್‌ವರ್ಡನ್ನು ಮತ್ತೆ ಬರೆಯಬೇಕು. ಇದನ್ನು ದೂರದಿಂದ ಮಾಡಲಾಗದು. ಯಂತ್ರದ ಎದುರಿಗೇ ಒಬ್ಬರು ಕುಳಿತಿರಬೇಕು. ಮಾರಿ ನೋಡಿ ಸಹಿ ಮಾಡುವುದಕ್ಕೆ ಕಂಪ್ಯೂಟರಿನಲ್ಲಿ ಇದಕ್ಕಿಂತ ಹತ್ತಿರದ್ದು ನನಗೆ ಗೊತ್ತಿಲ್ಲ.

ಮುಂದಿನ ಭಾನುವಾರ ಮತ್ತೆ ಹೋದೆ. ಕರ್ನೆಲ್ಲಿಗೆ ನನ್ನ ಕೀಲಿಕೈಯಿಂದ ಸಹಿ ಹಾಕಿದೆ, ಆರೂ ಯಂತ್ರಗಳಲ್ಲಿ ಅದನ್ನು ದಾಖಲಿಸಿ ಸೆಕ್ಯೂರ್ ಬೂಟ್ ಆನ್ ಮಾಡಿದೆ. ಪ್ರಶ್ನೆ ಕೇಳಿದ ಹುಡುಗನೇ ಕೊನೆಯ ಎರಡಕ್ಕೆ ಪಾಸ್‌ವರ್ಡ್ ಬರೆದ. "ಈಗ ಇದಕ್ಕ ನೀವು ಗೊತ್ತಾದಿರೇನ್ರಿ?" ಎಂದ.

ಗೊತ್ತಾದೆ. ಆದರೆ ಕಷ್ಟವೂ ಅಲ್ಲಿಂದಲೇ ಶುರು. ಲಿನಕ್ಸ್ ಸಂಸ್ಥೆಗಳು ಸಹಿ ಹಾಕಿದ ಕರ್ನೆಲ್ ಬಳಸಿದ್ದರೆ ಅದರ ದೋಷಗಳಿಗೆ ತಿದ್ದುಪಡಿ ತಾನಾಗಿ ಬರುತ್ತಿತ್ತು. ನನ್ನದಕ್ಕೆ ನಾನೇ ಮತ್ತೆ ಕಟ್ಟಬೇಕು, ಮತ್ತೆ ಸಹಿ ಹಾಕಬೇಕು. ನನ್ನ ಪೆನ್‌ಡ್ರೈವಿನಲ್ಲಿರುವ ಕೀಲಿಕೈ ಕಳುವಾದರೆ ಆರು ಯಂತ್ರಗಳೂ ಅಪಾಯದಲ್ಲಿ. ನನ್ನ ಪ್ರಬಂಧ ಮುಗಿದು ಬೇರೆ ಊರಿಗೆ ಹೋದರೆ? ಇಚಲಕರಂಜಿಗೆ ಹೋದವರ ನೆನಪಾಗುತ್ತದೆ. ದೂರದವರ ಸಹಿಯನ್ನು ಟೀಕಿಸಿದ ನಾನು, ಹತ್ತಿರದ ಸಹಿಯ ಹೆಸರಿನಲ್ಲಿ ನನ್ನ ಹಮ್ಮನ್ನು ಆ ಮಕ್ಕಳ ಮೇಲೆ ಹೇರಿದೆನೆ ಎಂಬ ಅನುಮಾನ ಪೂರ್ತಿ ಹೋಗಿಲ್ಲ.

ಕರ್ನೆಲ್ ಏಳುವಾಗ ಒಂದು ಘಟ್ಟ ಬರುತ್ತದೆ. ಫರ್ಮ್‌ವೇರಿನಿಂದ ಮೆಮೊರಿಯ ನಕ್ಷೆ ಪಡೆದು, ಇನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಅದು ತಿಳಿಸುತ್ತದೆ. ಅಷ್ಟರಲ್ಲಿ ನಕ್ಷೆ ಬದಲಾಗಿದ್ದರೆ ಫರ್ಮ್‌ವೇರ್ ಒಪ್ಪುವುದಿಲ್ಲ. ಹೊಸ ನಕ್ಷೆ ಕೇಳಿ ಪಡೆಯಬೇಕು. ಸರಿಯಿದ್ದರೆ ಅದು ಹಿಂದೆ ಸರಿಯುತ್ತದೆ, ಗಡಿಯಾರದಂಥ ಕೆಲವೇ ಸೇವೆಗಳನ್ನು ಉಳಿಸಿ. ಆ ಹುಡುಗನಿಗೆ ಈಗ ಕರ್ನೆಲ್ ಕಟ್ಟುವುದನ್ನು ಕಲಿಸುತ್ತಿದ್ದೇನೆ. ಅವನದೇ ಕೀಲಿಕೈ ಆಗುವವರೆಗೆ ತಿಂಗಳಿಗೊಂದು ಭಾನುವಾರ ಹೋಗಬೇಕು.

ಮೊದಲ ಸಲ ಹೊರಟಾಗ ಅಪ್ಪ ಎಲ್ಲಿಗೆ ಎಂದು ಕೇಳಿದರು. ಹೇಳಿದೆ. ಮಗ್ಗ ನಿಲ್ಲಿಸಿ ಒಂದು ಗಳಿಗೆ ನೋಡಿದರು.

"ಸಹಿ ಹಾಕೀಯಂದ್ರ ಹೋಗಾಕಬೇಕು" ಎಂದರು. "ಬಸ್ಸಿಗೆ ಚಿಲ್ಲರೆ ಐತೇನ ನೋಡ್ಕೊ."